‘ವಾವ್’ ಅಂದಮೇಲೆ ಒಂದು ನಿಮಿಷ ನಿಲ್ಲಿ

ದೀಪಾವಳಿಗೆ ತಪ್ಪದೆ ಬರೋ ನೆಂಟರ ಪಟ್ಟಿಯಲ್ಲಿ ಈಗ ಒಂದು ಫೋಟೊ ಕೂಡ ಸೇರಿಕೊಂಡಿದೆ. ಕಪ್ಪು ಹಿನ್ನೆಲೆಯಲ್ಲಿ ನಮ್ಮ ದೇಶದ ಆಕಾರ, ಅದರ ತುಂಬ ಬಿಳಿ, ನೀಲಿ, ಹಸಿರು, ಕೆಂಪು ಚುಕ್ಕಿಗಳು. ಕೆಳಗೆ ‘ದೀಪಾವಳಿಯ ರಾತ್ರಿ ಬಾಹ್ಯಾಕಾಶದಿಂದ ಭಾರತ ಕಂಡಿದ್ದು ಹೀಗೆ, ನಾಸಾ ತೆಗೆದ ಚಿತ್ರ’ ಅನ್ನೋ ಒಕ್ಕಣೆ. ಫ್ಯಾಮಿಲಿ ಗ್ರೂಪಿಗೆ ಚಿಕ್ಕಪ್ಪ ಹಾಕ್ತಾರೆ, ಆಫೀಸ್ ಗ್ರೂಪಿಗೆ ಮ್ಯಾನೇಜರ್ ಹಾಕ್ತಾರೆ, ಅಪಾರ್ಟ್‌ಮೆಂಟ್ ಗ್ರೂಪಿಗೆ ಒಂದೇ ಬೆಳಗ್ಗೆ ಮೂರು ಜನ ಹಾಕ್ತಾರೆ. ನಾವೂ ಒಂದು ಹಣತೆ ಇಮೋಜಿ ಒತ್ತಿ ಮುಂದಕ್ಕೆ ಹೋಗ್ತೀವಿ.

ಆ ಚಿತ್ರ ನಿಜದ್ದೇ. ಒಕ್ಕಣೆ ಮಾತ್ರ ಸುಳ್ಳು.

ಅದನ್ನು ಮಾಡಿದ್ದು ಅಮೆರಿಕದ ಹವಾಮಾನ ಸಂಸ್ಥೆ ನೋವಾದ ವಿಜ್ಞಾನಿ ಕ್ರಿಸ್ ಎಲ್ವಿಡ್ಜ್. ಒಂದು ರಾತ್ರಿ ಕ್ಲಿಕ್ ಮಾಡಿದ ಫೋಟೊ ಅಲ್ಲ ಅದು. ಅಮೆರಿಕದ ಮಿಲಿಟರಿ ಹವಾಮಾನ ಉಪಗ್ರಹಗಳು ಹಲವು ವರ್ಷ ದಾಖಲಿಸಿದ ರಾತ್ರಿ ಬೆಳಕನ್ನ ಒಂದರ ಮೇಲೊಂದು ಹೊದಿಸಿ 2003ರ ಹೊತ್ತಿಗೆ ಸಿದ್ಧಪಡಿಸಿದ ನಕ್ಷೆ. ಬಿಳಿ ಚುಕ್ಕಿಗಳು 1992ಕ್ಕೂ ಮೊದಲಿಂದ ಇದ್ದ ಬೆಳಕು. ನೀಲಿ ಅಂದ್ರೆ 1992ರಲ್ಲಿ ಕಾಣಿಸಿಕೊಂಡದ್ದು, ಹಸಿರು 1998ರಲ್ಲಿ, ಕೆಂಪು 2003ರಲ್ಲಿ. ಜನವಸತಿ ಹೇಗೆ ಹಬ್ಬಿತು ಅಂತ ತೋರಿಸೋಕೆ ಹಚ್ಚಿದ ಬಣ್ಣಗಳವು. ಪಟಾಕಿಗೂ ಅದಕ್ಕೂ ಸಂಬಂಧವೇ ಇಲ್ಲ.

ಈಗ ಅದೇ ಚಿತ್ರವನ್ನ ಇನ್ನೊಂದು ಸಲ ನೋಡಿ. ಒಂದೊಂದು ಹಸಿರು ಚುಕ್ಕಿಯೂ ಒಂದು ಊರು ದೊಡ್ಡದಾದ ಕಥೆ. ಎಲ್ಲೋ ಬೀದಿದೀಪ ಬಂತು, ಎಲ್ಲೋ ಹೊಲ ಇದ್ದಲ್ಲಿ ಲೇಔಟ್ ಎದ್ದಿತು, ಎಲ್ಲೋ ಹೆದ್ದಾರಿ ಪಕ್ಕ ಡಾಬಾ, ಪೆಟ್ರೋಲ್ ಬಂಕ್ ಸಾಲುಗಟ್ಟಿದವು. ನಮ್ಮಲ್ಲಿ ಬಹಳ ಜನರ ಅಪ್ಪ ಅಮ್ಮ ಚಿಮಣಿ ಬುಡ್ಡಿಯ ಬೆಳಕಲ್ಲಿ ಓದಿದವರು. ಅವರ ಊರು ಕತ್ತಲೆಯಿಂದ ಬೆಳಕಿಗೆ ದಾಟಿದ ಕಾಲ ಇದರಲ್ಲಿ ಬಣ್ಣವಾಗಿ ಕೂತಿದೆ. ಒಂದು ರಾತ್ರಿಯ ಸಂಭ್ರಮ ಅಂತ ಹೇಳಿದರೆ ಚಿತ್ರ ಚಿಕ್ಕದಾಗುತ್ತೆ. ಹನ್ನೆರಡು ವರ್ಷದ ದೇಶದ ಬದುಕು ಅಂತ ಹೇಳಿದರೆ ಅದು ಎಲ್ಲಿಯ ಮಾತು!

ಹಾಗಾದ್ರೆ ನಿಜವಾದ ದೀಪಾವಳಿ ರಾತ್ರಿ ಮೇಲಿಂದ ಹೇಗೆ ಕಾಣುತ್ತೆ? 2012ರ ನವೆಂಬರ್ 12ರ ರಾತ್ರಿ ಸುವೋಮಿ ಎನ್‌ಪಿಪಿ ಅನ್ನೋ ಉಪಗ್ರಹ ತೆಗೆದ ಚಿತ್ರವನ್ನ ನಾಸಾ ಪ್ರಕಟಿಸಿತ್ತು. ಸಮುದ್ರದ ಮಧ್ಯೆ ಒಂಟಿ ಹಡಗಿನ ದೀಪವನ್ನೂ ಗುರುತಿಸಬಲ್ಲ ಉಪಕರಣ ಅದರಲ್ಲಿದೆ. ಆದರೂ ಆ ಚಿತ್ರ ಮಾಮೂಲಿ ರಾತ್ರಿಯ ಹಾಗೇ ಇತ್ತು. ಹಬ್ಬದ ಹೆಚ್ಚುವರಿ ಬೆಳಕು ಅಷ್ಟು ಸೂಕ್ಷ್ಮ, ಕಣ್ಣಿಗೆ ಬೀಳೋದೇ ಇಲ್ಲ ಅಂತ ನಾಸಾ ವಿವರಿಸಿತು. ಜೊತೆಗೆ ಆ ಉಪಗ್ರಹ ನಮ್ಮ ಮೇಲೆ ಹಾಯೋದು ಮಧ್ಯರಾತ್ರಿ ಕಳೆದು ಸುಮಾರು ಒಂದೂವರೆ ಗಂಟೆಗೆ. ಅಷ್ಟೊತ್ತಿಗೆ ನಾವೆಲ್ಲ ಹೂಕುಂಡ ಹಚ್ಚಿ, ಹೋಳಿಗೆ ತಿಂದು ಮಲಗಿರ್ತೀವಿ.

ನನ್ನ ತಕರಾರು ಸುಳ್ಳು ಫಾರ್ವರ್ಡ್ ಬಗ್ಗೆ ಅಷ್ಟಾಗಿ ಅಲ್ಲ. ಆ ಸುಳ್ಳಿನ ಕೆಳಗೆ ಅದಕ್ಕಿಂತ ಎಷ್ಟೋ ದೊಡ್ಡ ವಿಸ್ಮಯ ಹೂತುಹೋಗುತ್ತಲ್ಲ, ಅದರ ಬಗ್ಗೆ. ಈಗಂತೂ ಎಐ ಕಾಲ. ನೇರಳೆ ಬಣ್ಣದ ಸಿಂಹ, ಗಾಜಿನಂಥ ಜಲಪಾತ, ಚಂದ್ರನ ಮೇಲೆ ಕೂತ ನವಿಲು, ಏನು ಬೇಕಾದ್ರೂ ಹತ್ತು ಸೆಕೆಂಡಿನಲ್ಲಿ ರೆಡಿ. ಬೆಳಗ್ಗೆ ಮೆಟ್ರೋದಲ್ಲಿ ನಿಂತು ಹತ್ತು ‘ವಾವ್’ ನೋಡ್ತೀವಿ, ಇಳಿಯೋಷ್ಟರಲ್ಲಿ ಒಂದೂ ನೆನಪಿರಲ್ಲ. ನೆನಪಲ್ಲಿ ಉಳಿಯೋದು ಬೇರೆ ಜಾತಿಯ ಚಿತ್ರ: ಇದನ್ನ ತೆಗೆದವರು ಯಾರು, ಹೇಗೆ ತೆಗೆದರು, ಅದಕ್ಕೆ ಏನು ತೆತ್ತರು ಅಂತ ಗೊತ್ತಿರುವ ಚಿತ್ರ. ಅಂಥ ಎರಡು ಚಿತ್ರಗಳ ಕಥೆ ಹೇಳ್ತೀನಿ. ಒಂದು ಕೂದಲೆಳೆಯಷ್ಟು ಸೂಕ್ಷ್ಮದ್ದು, ಇನ್ನೊಂದು ಊಹೆಗೂ ನಿಲುಕದಷ್ಟು ದೂರದ್ದು.

ಉಸಿರು ಬಿಗಿಹಿಡಿದ ರೈತ

ಅಮೆರಿಕದ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್ ಅಂತ ಪುಟ್ಟ ರಾಜ್ಯ. ಅಲ್ಲಿ ಜೆರಿಕೊ ಅನ್ನೋ ಹಳ್ಳಿ. ಚಳಿಗಾಲ ಬಂತೆಂದರೆ ತಿಂಗಳುಗಟ್ಟಲೆ ಹಿಮ. ಅಲ್ಲಿಯ ರೈತರಿಗೆ ಹಿಮ ಅಂದ್ರೆ ಸಲಿಕೆಯಲ್ಲಿ ಎತ್ತಿ ಹಾಕಬೇಕಾದ ರಗಳೆ, ನಮಗೆ ಮಳೆಗಾಲದ ಕೆಸರಿನ ಹಾಗೆ. ಆ ಹಳ್ಳಿಯಲ್ಲಿ 1865ರಲ್ಲಿ ಹುಟ್ಟಿದ ವಿಲ್ಸನ್ ಬೆಂಟ್ಲಿ ಅನ್ನೋ ರೈತರ ಹುಡುಗನಿಗೆ ಮಾತ್ರ ಅದು ರಗಳೆ ಅನ್ನಿಸಲಿಲ್ಲ.

ಅವನ ತಾಯಿ ಮದುವೆಗೆ ಮೊದಲು ಟೀಚರ್ ಆಗಿದ್ದವರು. ಮಗನಿಗೆ ಮನೆಯಲ್ಲೇ ಪಾಠ. ಅವನಿಗೆ 15 ವರ್ಷವಾದಾಗ ತಮ್ಮ ಹತ್ತಿರ ಇದ್ದ ಹಳೆಯ ಮೈಕ್ರೋಸ್ಕೋಪನ್ನ ಕೊಟ್ಟರು. ಹುಡುಗ ಅದರ ಕೆಳಗೆ ಹಕ್ಕಿಯ ಪುಕ್ಕ, ಹೂವಿನ ಎಸಳು ಎಲ್ಲ ಇಟ್ಟು ನೋಡಿದ. ಒಂದು ದಿನ ಹಿಮದ ಹರಳು ಇಟ್ಟ. ಅಲ್ಲಿಗೆ ಮುಗೀತು ಅವನ ಕಥೆ, ಅಥವಾ ಶುರುವಾಯ್ತು.

ಕಂಡದ್ದು ಆರು ದಳದ ಒಂದು ಹೂವು, ಅದೂ ಯಾವ ಅಕ್ಕಸಾಲಿಗನೂ ಮಾಡಲಾರದಷ್ಟು ನಾಜೂಕು. ಅದನ್ನ ಚಿತ್ರ ಬರೆಯೋಕೆ ಕೂತ. ಪೆನ್ಸಿಲ್ ಎರಡು ಗೆರೆ ಎಳೆಯೋಷ್ಟರಲ್ಲಿ ಹರಳು ಕರಗಿ ನೀರು! ಇನ್ನೊಂದು ಹಿಡಿದ, ಅದೂ ನೀರು. ಎಷ್ಟು ಬರೆದರೂ ಅರ್ಧಂಬರ್ಧ. ಆ ಒಂದು ರೂಪ ಲೋಕದಲ್ಲಿ ಇದ್ದದ್ದು ಕೆಲವು ನಿಮಿಷ, ನೋಡಿದ್ದು ಅವನೊಬ್ಬ, ಅದರ ಗುರುತು ಎಲ್ಲೂ ಉಳಿಯಲಿಲ್ಲ. ಈ ಸಂಕಟ ಅವನನ್ನ ಕಾಡಿತು.

ಕ್ಯಾಮೆರಾ ಬೇಕು ಅಂದ. ಆ ಕಾಲದಲ್ಲಿ ಕ್ಯಾಮೆರಾ ಅಂದ್ರೆ ಹಸುಗಳನ್ನ ಮಾರಿ ಕೊಳ್ಳೋಷ್ಟು ದುಬಾರಿ ಸಾಮಾನು. ಅಪ್ಪನಿಗೆ ಇದೆಲ್ಲ ಹುಚ್ಚಾಟ ಅನ್ನಿಸ್ತು. ಆದರೂ ಕೊಡಿಸಿದರು. ಎಲ್ಲ ಅಪ್ಪಂದಿರ ಹಾಗೇ, ಬೈದುಕೊಂಡೇ.

ಕ್ಯಾಮೆರಾವನ್ನ ಮೈಕ್ರೋಸ್ಕೋಪಿಗೆ ಜೋಡಿಸಿದ. ಹೇಗೆ ಮಾಡಬೇಕು ಅಂತ ಹೇಳಿಕೊಡೋರು ಯಾರೂ ಇಲ್ಲ. ಒಂದು ಚಳಿಗಾಲ ಇಡೀ ಸೋಲು. ಕೊನೆಗೆ 1885ರ ಜನವರಿ 15ರಂದು, ಇನ್ನೂ 20 ತುಂಬೋ ಮೊದಲೇ, ಒಂದು ಹಿಮದ ಹರಳಿನ ಸ್ಪಷ್ಟ ಫೋಟೊ ತೆಗೆದ.

ಅವನು ಕೆಲಸ ಮಾಡ್ತಿದ್ದ ರೀತಿ ಕೇಳಿ. ಮನೆ ಹಿಂದೆ ಒಂದು ಶೆಡ್ಡು, ಒಲೆ ಹಚ್ಚೋ ಹಾಗಿಲ್ಲ, ಬೆಚ್ಚಗಾದರೆ ಹರಳು ಕರಗುತ್ತೆ. ಹಿಮ ಬೀಳುವಾಗ ಕಪ್ಪು ಬಣ್ಣ ಬಳಿದ ಹಲಗೆ ಹಿಡಿದು ಹೊರಗೆ ನಿಲ್ಲೋದು. ಬಿದ್ದ ಹರಳುಗಳಲ್ಲಿ ಚೆನ್ನಾಗಿರೋದನ್ನ ಆರಿಸೋದು. ಪೊರಕೆ ಕಡ್ಡಿಯ ತುದಿಯಿಂದ ಅದನ್ನ ಎತ್ತಿ ಗಾಜಿನ ಮೇಲೆ ಇಡೋದು, ಹಕ್ಕಿಯ ಪುಕ್ಕದಿಂದ ಮೆಲ್ಲಗೆ ಒತ್ತಿ ಕೂರಿಸೋದು. ಇಷ್ಟೂ ಹೊತ್ತು ಉಸಿರು ಬಿಗಿಹಿಡಿದೇ ಇರಬೇಕು, ಬಿಸಿಯುಸಿರು ತಗುಲಿದರೆ ಹೋಯ್ತು. ಆಮೇಲೆ ಕಿಟಕಿಯ ಬೆಳಕಿಗೆ ಮುಖ ಮಾಡಿ, ಹತ್ತಾರು ಸೆಕೆಂಡು ಎಕ್ಸ್‌ಪೋಷರ್. ನಾವು ಸೆಲ್ಫಿಗೆ ಎರಡು ಸೆಕೆಂಡು ಅಲ್ಲಾಡದೆ ನಿಲ್ಲೋಕೆ ಒದ್ದಾಡ್ತೀವಿ!

ಹೀಗೆ ಅವನು ಕಳೆದದ್ದು 47 ಚಳಿಗಾಲ. ತೆಗೆದದ್ದು 5000ಕ್ಕೂ ಹೆಚ್ಚು ಹರಳುಗಳ ಚಿತ್ರ. ಒಂದರ ಹಾಗೆ ಇನ್ನೊಂದು ಸಿಗಲಿಲ್ಲ. ‘ಎರಡು ಹಿಮದ ಹರಳು ಒಂದೇ ಥರ ಇರಲ್ಲ’ ಅನ್ನೋ ಮಾತು ಇವತ್ತು ಎಲ್ಲರ ಬಾಯಲ್ಲಿದೆಯಲ್ಲ, ಅದನ್ನ ಲೋಕಕ್ಕೆ ಹಬ್ಬಿಸಿದ್ದು ಈ ರೈತನ ಫೋಟೊಗಳು. ಊರವರಿಗೆ ಅವನೊಬ್ಬ ತಿಕ್ಕಲು. ಅವನು ಹಸು ಕರೆದುಕೊಂಡು, ಹೊಲ ಉತ್ತುಕೊಂಡು, ಫೋಟೊ ಪ್ರತಿಗಳನ್ನ ಕೆಲವೇ ಸೆಂಟ್‌ಗಳಿಗೆ ಮಾರಿಕೊಂಡು ಇದ್ದುಬಿಟ್ಟ. 2400ಕ್ಕೂ ಹೆಚ್ಚು ಚಿತ್ರಗಳಿರುವ ಅವನ ಪುಸ್ತಕ ಅಚ್ಚಾಗಿ ಬಂದದ್ದು 1931ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಹಿಮಗಾಳಿಯಲ್ಲಿ ಮನೆಗೆ ನಡೆದು ಬಂದವನಿಗೆ ನ್ಯುಮೋನಿಯಾ ಹಿಡೀತು. ಡಿಸೆಂಬರ್ 23ಕ್ಕೆ ತೀರಿಕೊಂಡ.

ಆರೇ ಯಾಕೆ?

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು, ಹೆದರಬೇಡಿ. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಒಂದಕ್ಕೊಂದು ಕೈ ಹಿಡಿದು ಷಟ್ಕೋನಗಳ ಜಾಲ ಕಟ್ಟುತ್ತವೆ, ಜೇನುಗೂಡಿನ ಹಾಗೆ. ಹರಳು ಶುರುವಾಗೋದೇ ಆರು ಮೂಲೆಯ ಪುಟ್ಟ ಬಿಲ್ಲೆಯಾಗಿ. ಮೂಲೆಗಳು ಹೊರಗೆ ಚಾಚಿರೋದರಿಂದ ಗಾಳಿಯ ತೇವ ಅವಕ್ಕೆ ಮೊದಲು ಸಿಗುತ್ತೆ, ಅಲ್ಲಿಂದ ಆರು ತೋಳು ಬೆಳೆಯುತ್ತೆ. ಮೋಡದೊಳಗೆ ಹರಳು ತೇಲಾಡುತ್ತಾ ಬೇರೆ ಬೇರೆ ಚಳಿ, ಬೇರೆ ಬೇರೆ ತೇವ ದಾಟಿ ಬರುತ್ತೆ. ಒಂದೇ ಹರಳಿನ ಆರೂ ತೋಳುಗಳು ಒಟ್ಟಿಗೇ ಪ್ರಯಾಣ ಮಾಡೋದರಿಂದ ಅವು ಹೆಚ್ಚುಕಡಿಮೆ ಒಂದೇ ಥರ. ಪಕ್ಕದ ಹರಳು ಹಿಡಿದ ದಾರಿ ಬೇರೆ, ಅದರ ರೂಪವೂ ಬೇರೆ.

1936ರಲ್ಲಿ ಜಪಾನಿನ ಹೊಕ್ಕೈಡೊದಲ್ಲಿ ಉಕಿಚಿರೊ ನಕಾಯ ಅನ್ನೋ ವಿಜ್ಞಾನಿ ಲ್ಯಾಬಿನ ಕೋಲ್ಡ್ ರೂಮಿನಲ್ಲಿ ಮೊಲದ ಕೂದಲಿನ ತುದಿಯ ಮೇಲೆ ಹಿಮದ ಹರಳು ಬೆಳೆಸಿಯೇಬಿಟ್ಟರು. ಮೈನಸ್ 15 ಡಿಗ್ರಿ ಆಸುಪಾಸಿನಲ್ಲಿ ತೇವ ಸಾಕಷ್ಟಿದ್ದರೆ ನಕ್ಷತ್ರದ ಆಕಾರ, ಮೈನಸ್ 5ರ ಹತ್ತಿರ ಸೂಜಿಗಳು. ಅಂದ್ರೆ ಬಿದ್ದ ಹರಳನ್ನ ನೋಡಿ ಮೇಲೆ ಮೋಡದಲ್ಲಿ ಎಷ್ಟು ಚಳಿ ಇತ್ತು ಅಂತ ಹೇಳಬಹುದು.

ಈ ವಿಜ್ಞಾನದಿಂದ ನಿಮಗೊಂದು ಉಪಯೋಗವೂ ಇದೆ. ಡಿಸೆಂಬರಿನಲ್ಲಿ ಮಾಲ್‌ಗಳಲ್ಲಿ ಕ್ರಿಸ್ಮಸ್ ಅಲಂಕಾರಕ್ಕೆ ಥರ್ಮೋಕೋಲಿನ ಹಿಮದ ಹರಳು ತೂಗುಹಾಕಿರ್ತಾರೆ. ತೋಳುಗಳನ್ನ ಎಣಿಸಿ. ಐದೋ ಎಂಟೋ ಇದ್ದರೆ ಅದು ಶುದ್ಧ ಸುಳ್ಳು. ಪ್ರಕೃತಿಯಲ್ಲಿ ಆರು ಸಾಮಾನ್ಯ, ಅಪರೂಪಕ್ಕೆ ಮೂರು, ಎರಡು ಹರಳು ಅಂಟಿಕೊಂಡು ಹುಟ್ಟಿದರೆ ಹನ್ನೆರಡು. ಎಂಟು ಸಾಧ್ಯವೇ ಇಲ್ಲ. ಎಐ ಚಿತ್ರಗಳನ್ನೂ ಹೀಗೇ ಹಿಡಿಯಬಹುದು. ಕೈಬೆರಳು ಎಣಿಸೋ ಹಾಗೆ ಹಿಮದ ತೋಳು ಎಣಿಸೋದು.

ಚಾಕು ಹಿಡಿದ ಬೆಂಟ್ಲಿ

ಇನ್ನೊಂದು ವಿಷಯ ಮುಚ್ಚಿಡೋದು ಸರಿಯಲ್ಲ. ಬೆಂಟ್ಲಿ ತನ್ನ ಫೋಟೊಗಳನ್ನ ಎಡಿಟ್ ಮಾಡ್ತಿದ್ದ.

ಬಿಳಿ ಹರಳು, ಹಿನ್ನೆಲೆಯೂ ಬೆಳ್ಳಗೆ. ಅಂಚು ಎದ್ದು ಕಾಣಬೇಕಲ್ಲ? ಅದಕ್ಕೆ ನೆಗೆಟಿವ್‌ನ ಪ್ರತಿ ಮಾಡಿ, ಚಿಕ್ಕ ಚಾಕುವಿನಿಂದ ಹರಳಿನ ಸುತ್ತಲಿನ ಲೇಪವನ್ನ ಕೆರೆದು ತೆಗೀತಿದ್ದ. ಪ್ರಿಂಟ್ ಹಾಕಿದಾಗ ಕಡುಗಪ್ಪು ಹಿನ್ನೆಲೆಯಲ್ಲಿ ಹರಳು ಥಳಥಳ. ಒಂದೊಂದಕ್ಕೂ ಗಂಟೆಗಟ್ಟಲೆ ಕೆಲಸ. ಫೋಟೊಶಾಪಿನ ಮುತ್ತಜ್ಜ ಅನ್ನಬಹುದು. ಜರ್ಮನಿಯ ಹವಾಮಾನ ವಿಜ್ಞಾನಿ ಗುಸ್ತಾವ್ ಹೆಲ್‌ಮನ್ ಇದಕ್ಕೆ ಸಿಟ್ಟಾದ. ಅವನೂ 1890ರ ದಶಕದಲ್ಲಿ ಫೋಟೊಗ್ರಾಫರ್ ಒಬ್ಬನ ಜೊತೆ ಹಿಮದ ಹರಳುಗಳ ಫೋಟೊ ಪ್ರಕಟಿಸಿದ್ದ. ಅವನ ಹರಳುಗಳು ಸೊಟ್ಟಪಟ್ಟ, ಮುರಿದ ತೋಳು, ಅಂಕುಡೊಂಕು. ಬೆಂಟ್ಲಿಯ ಹರಳುಗಳು ಮಾತ್ರ ಮದುವೆಗೆ ಸಿಂಗರಿಸಿದ ಹಾಗೆ. ಇದು ಪ್ರಕೃತಿ ಅಲ್ಲ, ನೀನು ತಿದ್ದಿದ್ದೀಯ ಅನ್ನೋದು ಅವನ ಆರೋಪ. ವರ್ಷಗಟ್ಟಲೆ ಜಗಳ ನಡೀತು.

ಯಾರು ಸರಿ? ನನ್ನ ಲೆಕ್ಕದಲ್ಲಿ ಇಬ್ಬರಿಗೂ ಅರ್ಧರ್ಧ ಅಂಕ. ಆಕಾಶದಿಂದ ಬೀಳೋ ಹರಳುಗಳಲ್ಲಿ ಬಹುಪಾಲು ಸೊಟ್ಟವೇ. ಹೆಲ್‌ಮನ್ ಹೇಳಿದ್ದು ದಿಟ. ಬೆಂಟ್ಲಿ ಸುಂದರವಾದವನ್ನೇ ಆರಿಸಿದ, ನಾವು ನೂರು ಫೋಟೊ ತೆಗೆದು ಒಂದನ್ನ ಡಿಪಿ ಮಾಡ್ತೀವಲ್ಲ, ಹಾಗೆ. ಆದರೆ ಇಲ್ಲದ ಹರಳನ್ನ ಅವನು ಸೃಷ್ಟಿಸಲಿಲ್ಲ. ಇದ್ದದ್ದನ್ನ ಕಾಣಿಸೋಕೆ ಸುತ್ತಲಿನದನ್ನ ಕೆರೆದ. ತಿದ್ದಿದ್ದಾರೋ ಇಲ್ಲವೋ ಅನ್ನೋದಕ್ಕಿಂತ ಯಾಕೆ ತಿದ್ದಿದ್ದಾರೆ, ಹೇಳಿ ತಿದ್ದಿದ್ದಾರಾ ಅನ್ನೋದು ಮುಖ್ಯ ಪ್ರಶ್ನೆ. ಅದೇ ಪ್ರಶ್ನೆ ನೂರು ವರ್ಷದ ನಂತರ ಬಾಹ್ಯಾಕಾಶದಲ್ಲೂ ಎದುರಾಯ್ತು.

ಏನೂ ಇಲ್ಲದ ಕಡೆ ಹತ್ತು ದಿನ

ಹಬಲ್ ಟೆಲಿಸ್ಕೋಪ್ ಹೆಸರು ಕೇಳಿರ್ತೀರಿ. 1990ರ ಏಪ್ರಿಲ್‌ನಲ್ಲಿ ಅದು ಮೇಲೆ ಹೋದಾಗ ಭಾರೀ ಸಂಭ್ರಮ. ಕೆಲವೇ ವಾರಗಳಲ್ಲಿ ಗೊತ್ತಾಯ್ತು, ಚಿತ್ರಗಳು ಮಸುಕು. 2.4 ಮೀಟರ್ ಅಗಲದ ಕನ್ನಡಿಯ ಅಂಚನ್ನ 2.2 ಮೈಕ್ರಾನ್‌ನಷ್ಟು ಹೆಚ್ಚು ಉಜ್ಜಿಬಿಟ್ಟಿದ್ದರು. ಕೂದಲಿನ ದಪ್ಪದ ಐವತ್ತನೇ ಒಂದು ಭಾಗ! ಟಿವಿಯಲ್ಲೆಲ್ಲ ಅದರದ್ದೇ ಜೋಕು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಒಂಥರಾ ಕನ್ನಡಕ ಹಾಕಿ ಬಂದಮೇಲೆ ಸರಿಹೋಯ್ತು.

ಇಂಥ ಮುಖಭಂಗ ಆದ ಎರಡೇ ವರ್ಷಕ್ಕೆ, ಆ ಟೆಲಿಸ್ಕೋಪನ್ನ ನಡೆಸೋ ಸಂಸ್ಥೆಯ ನಿರ್ದೇಶಕ ರಾಬರ್ಟ್ ವಿಲಿಯಮ್ಸ್ ಒಂದು ವಿಚಿತ್ರ ಯೋಚನೆ ಮಾಡಿದರು. ಹಬಲ್‌ನ ಸಮಯ ಅಂದ್ರೆ ಚಿನ್ನ. ಲೋಕದ ಖಗೋಳ ವಿಜ್ಞಾನಿಗಳೆಲ್ಲ ಅರ್ಜಿ ಹಾಕಿ ಕಾಯ್ತಾರೆ, ಹೆಚ್ಚಿನವರಿಗೆ ಸಿಗಲ್ಲ. ಅದರಲ್ಲಿ ಶೇ 10ರಷ್ಟು ಸಮಯ ಮಾತ್ರ ನಿರ್ದೇಶಕರ ಇಷ್ಟಕ್ಕೆ ಬಿಟ್ಟದ್ದು. ಅದನ್ನ ವಿಲಿಯಮ್ಸ್ ಆಕಾಶದಲ್ಲಿ ಏನೂ ಕಾಣದ ಒಂದು ಜಾಗವನ್ನ ಬಿಟ್ಟೂಬಿಡದೆ ಹತ್ತು ದಿನ ದಿಟ್ಟಿಸೋಕೆ ಬಳಸ್ತೀನಿ ಅಂದರು.

ಜಾನ್ ಬಾಕಾಲ್ ಅಂಥ ದೊಡ್ಡ ವಿಜ್ಞಾನಿಗಳೇ ಬೇಡ ಅಂದರು. ಹೊಸದೇನೂ ಕಾಣಲಾರದು ಅನ್ನೋದು ಅವರ ಲೆಕ್ಕ. ಮಸುಕು ಕನ್ನಡಿಯ ಅವಮಾನ ಇನ್ನೂ ಹಸಿಯಾಗಿರುವಾಗ ಹತ್ತು ದಿನ ಕರಿ ಪರದೆ ತೆಗೆದು ಬಂದರೆ ಜನ ಏನಂತಾರೆ? ಸೋತರೆ ರಾಜೀನಾಮೆ ಕೊಡೋಕೂ ಸಿದ್ಧ ಅಂತ ವಿಲಿಯಮ್ಸ್ ನಿರ್ಧರಿಸಿದ್ದರು. ನಮ್ಮ ಆಫೀಸುಗಳಲ್ಲಿ ಒಂದು ಪಿಪಿಟಿಯ ಹೆಡ್ಡಿಂಗ್ ಬದಲಿಸೋಕೆ ಮೂರು ಜನರ ಅಪ್ರೂವಲ್ ಬೇಕು, ನೆನಪಿರಲಿ.

ಆರಿಸಿಕೊಂಡ ಜಾಗ ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿತ್ತು. ಎಷ್ಟು ದೊಡ್ಡದು ಅಂತೀರಾ? ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಯಾರೋ 100 ಮೀಟರ್ ಸಿಕ್ಸರ್ ಬಾರಿಸಿದರು ಅಂದ್ಕೊಳ್ಳಿ. ಕ್ರೀಸಿನಲ್ಲಿ ನಿಂತವನಿಗೆ ಆ ತುದಿಯಲ್ಲಿ ಚೆಂಡು ಎಷ್ಟು ಕಾಣುತ್ತೋ ಅಷ್ಟು. ಇಡೀ ಆಕಾಶ ಅಂಥ ಎರಡೂ ಕಾಲು ಕೋಟಿಗೂ ಹೆಚ್ಚು ತುಣುಕುಗಳಾಗುತ್ತೆ, ಅದರಲ್ಲಿ ಒಂದು.

1995ರ ಡಿಸೆಂಬರ್ 18ರಿಂದ 28ರವರೆಗೆ ಹಬಲ್ ಅಲ್ಲೇ ಕಣ್ಣು ನೆಟ್ಟಿತು. 342 ಎಕ್ಸ್‌ಪೋಷರ್‌ಗಳು. ಎಲ್ಲ ಸೇರಿಸಿ ನೋಡಿದರೆ, ಕರಿ ಪರದೆ ಇದ್ದ ಕಡೆ ಸುಮಾರು 3000 ಗ್ಯಾಲಕ್ಸಿಗಳು! ನಕ್ಷತ್ರಗಳಲ್ಲ. ನಮ್ಮ ಆಕಾಶಗಂಗೆಯ ಹಾಗೆ ಕೋಟ್ಯಂತರ ನಕ್ಷತ್ರಗಳನ್ನ ಹೊಟ್ಟೆಯಲ್ಲಿಟ್ಟುಕೊಂಡ ಗ್ಯಾಲಕ್ಸಿಗಳು. ಸುರುಳಿ, ಮೊಟ್ಟೆ, ತುಂಡು, ಚೂರು, ಎಲ್ಲ ಆಕಾರದವು. ಕೆಲವುಗಳ ಬೆಳಕು ಹೊರಟು 1000 ಕೋಟಿ ವರ್ಷದ ಮೇಲಾಗಿತ್ತು. ಆಗ ಭೂಮಿ ಇರಲಿಲ್ಲ, ಸೂರ್ಯನೂ ಇರಲಿಲ್ಲ. ಆ ಬೆಳಕಿನ ಕಣ ಇಷ್ಟು ದೂರ ಬಂದು ಕೊನೆಗೆ ಮುಟ್ಟಿದ್ದು ಒಂದು ಕ್ಯಾಮೆರಾ ಚಿಪ್ಪನ್ನ.

ವಿಲಿಯಮ್ಸ್ ಇನ್ನೊಂದು ಒಳ್ಳೆ ಕೆಲಸ ಮಾಡಿದರು. ಮಾಹಿತಿಯನ್ನ ತಮ್ಮ ತಂಡಕ್ಕೇ ಇಟ್ಟುಕೊಳ್ಳದೆ ಲೋಕದ ಎಲ್ಲರಿಗೂ ತಕ್ಷಣ ಬಿಟ್ಟುಕೊಟ್ಟರು. ಚಿತ್ರ ಬಿಡುಗಡೆಯಾದದ್ದು 1996ರ ಜನವರಿ 15ರಂದು. ಬೆಂಟ್ಲಿಯ ಮೊದಲ ಫೋಟೊ ಕೂಡ ಜನವರಿ 15. ನಮ್ಮ ಸಂಕ್ರಾಂತಿ ಆಸುಪಾಸು. ಇದು ಕಾಕತಾಳೀಯ, ಅಷ್ಟೇ. ಯಾರಾದ್ರೂ ಇದಕ್ಕೊಂದು ಗೂಢಾರ್ಥ ಕಟ್ಟಿ ಫಾರ್ವರ್ಡ್ ಮಾಡೋ ಮೊದಲೇ ಹೇಳಿಬಿಡ್ತಿದ್ದೀನಿ.

ಇನ್ನು ಬಣ್ಣದ ವಿಷಯ. ಹಬಲ್ ತೆಗೆಯೋದು ಕಪ್ಪು ಬಿಳುಪು ಚಿತ್ರ. ಬೇರೆ ಬೇರೆ ಫಿಲ್ಟರ್ ಹಾಕಿ ಹಲವು ಸಲ ತೆಗೆದು, ಒಂದೊಂದಕ್ಕೂ ಬಣ್ಣ ಕೊಟ್ಟು ಸೇರಿಸ್ತಾರೆ. 2022ರ ಜುಲೈನಲ್ಲಿ ಬಂದ ಜೇಮ್ಸ್ ವೆಬ್ ಟೆಲಿಸ್ಕೋಪಿನ ಮೊದಲ ಚಿತ್ರವಂತೂ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನದ್ದು. ಹಾಗಾದ್ರೆ ಆ ಬಣ್ಣ ಸುಳ್ಳಾ? ಬೆಂಟ್ಲಿಯ ಚಾಕುವನ್ನ ನೆನಪಿಸಿಕೊಳ್ಳಿ. ಯಾವ ಫಿಲ್ಟರಿಗೆ ಯಾವ ಬಣ್ಣ ಕೊಟ್ಟರು ಅಂತ ಬಚ್ಚಿಡೋದಿಲ್ಲ, ಬರೆದಿಡ್ತಾರೆ. ಎಲ್ವಿಡ್ಜ್ ಕೂಡ ಬರೆದಿಟ್ಟಿದ್ದರು, ಯಾವ ಬಣ್ಣಕ್ಕೆ ಯಾವ ವರ್ಷ ಅಂತ. ಅದನ್ನ ಕಿತ್ತುಹಾಕಿ ದೀಪಾವಳಿ ಅಂತ ಬರೆದದ್ದು ಮಧ್ಯೆ ಬಂದವರು.

ಹೊಸಕೋಟೆಯಿಂದ ಹಾನ್ಲೆಗೆ

ಇವೆಲ್ಲ ಅಮೆರಿಕ, ಜಪಾನ್ ಕಥೆ ಆಯ್ತು ಅನ್ನೋರಿಗೆ ಒಂದು ಪ್ರಶ್ನೆ. ಬೆಂಗಳೂರಿನಲ್ಲಿದ್ದರೆ ನೀವು ಒಂದಲ್ಲ ಒಂದು ದಿನ ನಸುಕಿನಲ್ಲೇ ಎದ್ದು ಹೊಸಕೋಟೆಗೆ ಬಿರಿಯಾನಿಗೆ ಹೋಗಿರ್ತೀರಿ. ನೀವು ಅಲ್ಲಿ ಕ್ಯೂನಲ್ಲಿ ನಿಂತಿರೋ ಅದೇ ಹೊತ್ತಿಗೆ, ಅದೇ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ ಕೂತವರು ಲಡಾಖ್‌ನ ಆಕಾಶ ನೋಡ್ತಿರ್ತಾರೆ ಗೊತ್ತಾ? ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನ ಉಪಗ್ರಹ ಸಂಪರ್ಕದ ಮೂಲಕ ನಡೆಸೋದು ಹೊಸಕೋಟೆಯಿಂದ. ಇಲ್ಲಿ ಬೀದಿದೀಪ, ಧೂಳು, ಹೆದ್ದಾರಿ. ಅಲ್ಲಿ ದೇಶದಲ್ಲೇ ಅತಿ ಕಪ್ಪಾದ ಆಕಾಶಗಳಲ್ಲಿ ಒಂದು.

ಹಾನ್ಲೆಯ ಸುತ್ತಲಿನ ಪ್ರದೇಶವನ್ನ 2022ರಲ್ಲಿ ಕತ್ತಲೆಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಹುಲಿಗೆ ಕಾಡು ಮೀಸಲಿಟ್ಟ ಹಾಗೆ ನಕ್ಷತ್ರಕ್ಕೆ ಕತ್ತಲೆ ಮೀಸಲು. ಅಲ್ಲಿಯ ಹಳ್ಳಿಗರಿಗೇ ಟೆಲಿಸ್ಕೋಪ್ ಕೊಟ್ಟು, ಪ್ರವಾಸಿಗರಿಗೆ ಆಕಾಶ ತೋರಿಸೋ ತರಬೇತಿ ಕೊಟ್ಟಿದ್ದಾರೆ.

2024ರ ಮೇ 11ರ ನಸುಕಿನಲ್ಲಿ ಈ ಹಾನ್ಲೆಯಿಂದ ಬಂದ ಚಿತ್ರಗಳಲ್ಲಿ ಆಕಾಶ ಕೆಂಪಗಿತ್ತು. ನೋಡಿದರೆ ಯಾರೋ ಫಿಲ್ಟರ್ ಹಾಕಿದ್ದಾರೆ ಅನ್ನಿಸಬೇಕು. ಆದರೆ ಅದು ಅಪ್ಪಟ ನಿಜ. ಸೂರ್ಯನಿಂದ ಎದ್ದ ಬಿರುಗಾಳಿ ಭೂಮಿಗೆ ಬಡಿದ ರಾತ್ರಿ ಅದು, ಎರಡು ದಶಕದಲ್ಲೇ ದೊಡ್ಡದು. ನಾರ್ವೆ, ಐಸ್‌ಲ್ಯಾಂಡ್‌ಗಳಲ್ಲಿ ಹಸಿರು ಪರದೆಯಾಗಿ ತೂಗುವ ಬೆಳಕಿನ ಬಳಗದ್ದೇ ಇದೂ. ನೂರಾರು ಕಿಲೋಮೀಟರ್ ಮೇಲೆ, ಗಾಳಿ ತೀರಾ ತೆಳುವಾಗಿರೋ ಕಡೆ ಆಮ್ಲಜನಕದ ಪರಮಾಣುಗಳು ಕಾದು ಕೊಡೋ ಬಣ್ಣ ಕೆಂಪು. ಹಾಗಾಗಿ ಹಾನ್ಲೆಗೆ ಸಿಕ್ಕಿದ್ದು ಹಸಿರಲ್ಲ, ಕೆಂಪು.

ಆ ವೀಕ್ಷಣಾಲಯದ ಎಂಜಿನಿಯರ್ ದೋರ್ಜೆ ಅಂಗ್‌ಚುಕ್ ರಾತ್ರಿ ಆಕಾಶದ ಫೋಟೊಗಳಿಗೆ ಹೆಸರಾದವರು. 2025ರ ಆರಂಭದಲ್ಲಿ ಅವರೊಂದು ವಿಡಿಯೊ ಹಂಚಿಕೊಂಡರು. ಸಾಮಾನ್ಯವಾಗಿ ಇಂಥ ವಿಡಿಯೊಗಳಲ್ಲಿ ನೆಲ ನಿಂತಿರುತ್ತೆ, ನಕ್ಷತ್ರಗಳು ಚಲಿಸ್ತವೆ. ಇವರು ಕ್ಯಾಮೆರಾವನ್ನ ಭೂಮಿ ತಿರುಗೋ ವೇಗದಲ್ಲೇ ಹಿಂದಕ್ಕೆ ತಿರುಗೋ ಹಾಗೆ ಮಾಡಿದರು. ಈಗ ನಕ್ಷತ್ರ ನಿಂತಿದೆ, ಬೆಟ್ಟ, ಕಟ್ಟಡ, ನೆಲ ಎಲ್ಲ ಹಡಗಿನ ಹಾಗೆ ವಾಲುತ್ತಾ ತಿರುಗ್ತಿವೆ. ಭೂಮಿ ತಿರುಗುತ್ತೆ ಅಂತ ಮೂರನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು, ಹೊಟ್ಟೆಯಲ್ಲಿ ಚುಳ್ ಅನ್ನೋ ಹಾಗೆ ಅರ್ಥವಾಗೋದು ಇದನ್ನ ನೋಡಿದಾಗ. ಹುಡುಕಿ ನೋಡಿ, ಆದರೆ ನಡೆಯುತ್ತಾ ನೋಡಬೇಡಿ.

ಒಂದು ಬಟ್ಟಲು ಹಿಟ್ಟು

ಬೆಂಟ್ಲಿ ಬಗ್ಗೆ ಹೇಳೋದು ಒಂದು ಉಳೀತು. ಹಿಮ ಬೀಳೋದು ಚಳಿಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಅವನು ಸುಮ್ಮನೆ ಕೂರಲಿಲ್ಲ, ಮಳೆಹನಿಯ ಹಿಂದೆ ಬಿದ್ದ. ಹನಿಯ ಗಾತ್ರ ಅಳೆಯೋದು ಹೇಗೆ? ಅವನ ಉಪಾಯ ಯಾವ ಅಡುಗೆಮನೆಯಲ್ಲೂ ಇದೆ. ಜರಡಿ ಹಿಡಿದ ನುಣುಪು ಹಿಟ್ಟನ್ನ ತಟ್ಟೆಯಲ್ಲಿ ಒಂದಿಂಚು ದಪ್ಪ ಹರಡಿ, ಮಳೆಗೆ ಕೆಲವು ಸೆಕೆಂಡು ಹಿಡೀತಿದ್ದ. ಒಂದೊಂದು ಹನಿಯೂ ಹಿಟ್ಟಿನಲ್ಲಿ ಒಂದೊಂದು ಪುಟ್ಟ ಉಂಡೆ ಕಟ್ಟುತ್ತೆ. ಒಣಗಿದ ಮೇಲೆ ಎತ್ತಿ ಅಳೆಯೋದು. ಗಾತ್ರ ಗೊತ್ತಿರುವ ಹನಿಗಳನ್ನ ಮೇಲಿಂದ ಬೀಳಿಸಿ, ಉಂಡೆ ಹನಿಯಷ್ಟೇ ದೊಡ್ಡದಿರುತ್ತೆ ಅಂತ ಮೊದಲೇ ಖಾತ್ರಿ ಮಾಡಿಕೊಂಡಿದ್ದ. 1904ರಲ್ಲಿ ಅದನ್ನ ಪ್ರಕಟಿಸಿದ. ಅವನು ಕಂಡ ಅತಿ ದೊಡ್ಡ ಹನಿಗಳು ಕಾಲು ಇಂಚು, ಅಂದ್ರೆ ಸುಮಾರು 6 ಮಿಲಿಮೀಟರ್. ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ ಬೀಳುವಾಗಲೇ ಗಾಳಿಯ ಹೊಡೆತಕ್ಕೆ ಒಡೆದುಹೋಗ್ತವೆ ಅಂತ ಈಗ ನಮಗೆ ಗೊತ್ತು.

ಮಳೆಹನಿಯ ಆಕಾರವೂ ನಮ್ಮ ವೆದರ್ ಆ್ಯಪ್ ತೋರಿಸೋ ಹಾಗೆ ಇಲ್ಲ, ಮೇಲೆ ಚೂಪು, ಕೆಳಗೆ ಗುಂಡು ಅಂತ. ಚಿಕ್ಕ ಹನಿ ಪೂರ್ತಿ ಗುಂಡು. ದೊಡ್ಡ ಹನಿಯ ತಳವನ್ನ ಎದುರಿನ ಗಾಳಿ ಒತ್ತೋದರಿಂದ ಅದು ಚಪ್ಪಟೆ, ಮೇಲೆ ಉಬ್ಬು. ಬೇಕರಿ ಬನ್ನಿನ ಹಾಗೆ.

ಈ ಸಲ ಜೋರು ಮಳೆ ಬಂದಾಗ ಬಾಲ್ಕನಿಯಿಂದ ಒಂದು ತಟ್ಟೆ ಮೈದಾ ಹೊರಗೆ ಹಿಡಿದು ನೋಡಿ. ಮೂರು ನಾಲ್ಕು ಸೆಕೆಂಡು ಸಾಕು, ಹೆಚ್ಚಾದರೆ ಬೋಂಡಾ ಹಿಟ್ಟಾಗುತ್ತೆ. ಒಣಗಿದ ಮೇಲೆ ಜರಡಿ ಹಿಡಿದು, ಉಳಿದ ಉಂಡೆಗಳನ್ನ ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೊ ತೆಗೀರಿ. ಜೂನ್ ತಿಂಗಳ ಮುಂಗಾರಿಗೂ ಅಕ್ಟೋಬರಿನ ಗುಡುಗು ಮಳೆಗೂ ಹನಿಯ ಗಾತ್ರದಲ್ಲಿ ಏನಾದ್ರೂ ವ್ಯತ್ಯಾಸ ಕಾಣುತ್ತಾ ಅಂತ ಹೋಲಿಸಿ. ಫ್ಯಾಮಿಲಿ ಗ್ರೂಪಿಗೆ ಹಾಕುವಾಗ ಕೆಳಗೆ ಊರು, ತಾರೀಕು, ಸಮಯ ಬರೆಯೋದು ಮರೀಬೇಡಿ. ಚಿಕ್ಕಪ್ಪ ಖಂಡಿತ ಕೇಳ್ತಾರೆ, ‘ಇದೇನಪ್ಪಾ, ಸಾಬೂದಾನನಾ?’